ಹೂಳಿನ ಮೇಲೆ ಬೆಳೆದ ಕಾಡು

(ನಮ್ಮ ಬಳಗದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗಣಿಯಾಗಲಿ, ಅಣೆಕಟ್ಟೆಯಾಗಲಿ, ಹೆದ್ದಾರಿಯಾಗಲಿ, ನಮ್ಮ ಮಲೆನಾಡಿಗೆ ಯಾವುದೇ ದೊಡ್ಡ ಯೋಜನೆ ಬಂದಾಗ ಸಾರ್ವಜನಿಕ ಅಹವಾಲು ಸಭೆಯಲ್ಲಿ ಒಂದು ಭರವಸೆಯ ಮಾತು ಕೇಳಿಬರುತ್ತದೆ. ‘ಕೆಲಸ ಮುಗಿದ ಮೇಲೆ ಆ ಜಾಗವನ್ನು ಮೊದಲಿದ್ದಂತೆಯೇ ಮಾಡಿಕೊಡುತ್ತೇವೆ’ ಎಂಬ ಮಾತು ಅದು. ಪರಿಸರ ಪರಿಣಾಮ ವರದಿಗಳಲ್ಲಿ ಇದಕ್ಕೆಂದೇ ‘ಪುನಶ್ಚೇತನ’ ಎಂಬ ಅಧ್ಯಾಯವಿರುತ್ತದೆ. ವಿದೇಶಗಳಲ್ಲಿ ಕಾರ್ಖಾನೆಯ ಕೊಳಕನ್ನು ಸುರಿದ ಜಾಗ ಹಕ್ಕಿಗಳ ತಾಣವಾಗಿದೆಯೆಂದು ಉದಾಹರಣೆಗಳನ್ನೂ ಕೊಡುತ್ತಾರೆ. ಕೇಳುವ ನಮಗೆ ಅದನ್ನು ಅಲ್ಲಗಳೆಯುವುದು ಕಷ್ಟ; ಏಕೆಂದರೆ ಅಂಥ ಜಾಗಗಳು ನಿಜಕ್ಕೂ ಇವೆ.

ಅಂಥದ್ದೊಂದು ಜಾಗವನ್ನು ನೋಡುವ ಅವಕಾಶ 2023ರ ಸೆಪ್ಟೆಂಬರಿನಲ್ಲಿ ನನಗೆ ದೊರೆಯಿತು. ಅಮೆರಿಕದ ಓಹಾಯೊ ರಾಜ್ಯದಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ ಕ್ಲೀವ್‌ಲ್ಯಾಂಡ್ ನಗರದ ಸರೋವರದಂಡೆಯಲ್ಲಿರುವ ನಿಸರ್ಗಧಾಮವೊಂದಕ್ಕೆ ಭೇಟಿ ಕೊಟ್ಟೆ. ಕ್ಲೀವ್‌ಲ್ಯಾಂಡ್ ಲೇಕ್‌ಫ್ರಂಟ್ ನೇಚರ್ ಪ್ರಿಸರ್ವ್ ಎಂಬುದು ಅದರ ಹೆಸರು. ಮಣ್ಣಿನ ವಿದ್ಯಾರ್ಥಿಯಾದ ನಾನು ಅಲ್ಲಿ ಕಂಡದ್ದೇನು, ಆ ಜಾಗದ ಹಿಂದಿರುವ ಚರಿತ್ರೆಯೇನು, ಅದನ್ನು ಆಧಾರವಾಗಿಟ್ಟುಕೊಂಡು ನಮ್ಮ ಬೆಟ್ಟಗಳ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನದಿಗೆ ಬೆಂಕಿ ಬಿದ್ದ ಊರು

ಕ್ಲೀವ್‌ಲ್ಯಾಂಡ್ ಇರುವುದು ಈರಿ ಸರೋವರದ ದಕ್ಷಿಣ ದಡದಲ್ಲಿ. ಸರೋವರವೆಂದರೆ ನಮ್ಮ ಕೆರೆಗಳ ಅಳತೆಯಲ್ಲಿ ಊಹಿಸಿಕೊಳ್ಳಬೇಡಿ. ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಒಂದಾದ ಈರಿಯ ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರ್. ಕರ್ನಾಟಕದ ಏಳನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಆಚೆ ದಡ ಕೆನಡಾ ದೇಶದಲ್ಲಿದ್ದು, ಈಚೆಯಿಂದ ನೋಡಿದರೆ ಸಮುದ್ರದಂತೆಯೇ ಕಾಣುತ್ತದೆ. ನಗರದ ನಡುವೆ ಸುತ್ತಿ ಬಳಸಿ ಹರಿದು ಈ ಸರೋವರವನ್ನು ಸೇರುವ ನದಿಯ ಹೆಸರು ಕಯಹೋಗಾ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನದಿಯ ಇಕ್ಕೆಲಗಳಲ್ಲಿ ಕಾರ್ಖಾನೆಗಳು ಎದ್ದವು. ರಾಕ್‌ಫೆಲ್ಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯನ್ನು ಸ್ಥಾಪಿಸಿದ್ದು ಇದೇ ಊರಿನಲ್ಲಿ. ಸುಪೀರಿಯರ್ ಸರೋವರದ ಸುತ್ತಲಿನ ಗಣಿಗಳಿಂದ ಕಬ್ಬಿಣದ ಅದಿರು ಹಡಗುಗಳಲ್ಲಿ ಇಲ್ಲಿಗೆ ಬಂದು ಉಕ್ಕಾಗುತ್ತಿತ್ತು. ತೈಲ, ಬಣ್ಣ, ಆಮ್ಲ, ಉಕ್ಕಿನ ಕಾರ್ಖಾನೆಗಳ ತ್ಯಾಜ್ಯವೆಲ್ಲ ನೇರವಾಗಿ ನದಿಗೆ ಸೇರುತ್ತಿತ್ತು. ನೀರಿನ ಮೇಲೆ ತೇಲುವ ಎಣ್ಣೆಯ ಪದರಕ್ಕೆ ಕಿಡಿ ತಾಗಿ ನದಿಗೇ ಬೆಂಕಿ ಹತ್ತುವುದು 1868ರಿಂದ ಹಲವು ಬಾರಿ ನಡೆಯಿತು. 1912ರ ಬೆಂಕಿಯಲ್ಲಿ ಐವರು ಸತ್ತರು. 1952ರ ಬೆಂಕಿ ಹತ್ತು ಲಕ್ಷ ಡಾಲರಿಗೂ ಹೆಚ್ಚಿನ ನಷ್ಟವನ್ನುಂಟುಮಾಡಿತು.

1969ರ ಜೂನ್ 22ರಂದು ಮತ್ತೊಮ್ಮೆ ಬೆಂಕಿ ಕಾಣಿಸಿಕೊಂಡಿತು. ಹಿಂದಿನವುಗಳಿಗೆ ಹೋಲಿಸಿದರೆ ಅದು ಸಣ್ಣದು. ಅರ್ಧ ಗಂಟೆಯೊಳಗೆ ಆರಿತು. ಎರಡು ರೈಲು ಸೇತುವೆಗಳಿಗೆ ಹಾನಿಯಾಯಿತು. ‘ಟೈಮ್’ ಪತ್ರಿಕೆ ಆ ಸುದ್ದಿಯನ್ನು ಬರೆದಾಗ ಅಚ್ಚು ಹಾಕಿದ್ದು 1952ರ ಬೆಂಕಿಯ ಚಿತ್ರವನ್ನು. ಆದರೆ ಆ ಹೊತ್ತಿಗೆ ಜನರ ಮನಸ್ಸು ಬದಲಾಗಿತ್ತು. ಅಲ್ಲಿಯವರೆಗೆ ನದಿಯ ಬೆಂಕಿಯನ್ನು ಕಾರ್ಖಾನೆಗಳ ಊರಿಗೆ ಸಹಜವಾದ ಸಣ್ಣ ಉಪದ್ರವವೆಂದು ಎಣಿಸಿದ್ದವರು ಈಗ ಅದನ್ನು ಅವಮಾನವೆಂದು ಕಂಡರು. ಅಮೆರಿಕದ ದೊಡ್ಡ ನಗರವೊಂದರ ಮೊದಲ ಕಪ್ಪು ಮೇಯರ್ ಎನಿಸಿದ್ದ ಕಾರ್ಲ್ ಸ್ಟೋಕ್ಸ್ ಮರುದಿನವೇ ಪತ್ರಕರ್ತರನ್ನು ನದಿಯುದ್ದಕ್ಕೂ ಕರೆದೊಯ್ದು ಯಾವ ಕೊಳವೆಯಿಂದ ಏನು ಸುರಿಯುತ್ತಿದೆ ಎಂದು ತೋರಿಸಿದರು. ಇಂಥ ಅನೇಕ ಒತ್ತಡಗಳು ಸೇರಿ 1970ರಲ್ಲಿ ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ ಸ್ಥಾಪನೆಯಾಯಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್ನರ ನಿಷೇಧಾಧಿಕಾರವನ್ನೂ ಮೀರಿ ಶುದ್ಧ ಜಲ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಅದೇ ವರ್ಷ ಅಮೆರಿಕ, ಕೆನಡಾಗಳು ಮಹಾಸರೋವರಗಳ ನೀರಿನ ಗುಣಮಟ್ಟದ ಬಗ್ಗೆ ಒಪ್ಪಂದ ಮಾಡಿಕೊಂಡವು.

ಹೂಳಿಗೊಂದು ಗೋಡೆ

ಈಗ ನಿಸರ್ಗಧಾಮದ ಮಾತಿಗೆ ಬರೋಣ. ಕಯಹೋಗಾ ನದಿಯ ಕೊನೆಯ ಕೆಲವು ಮೈಲಿಗಳಷ್ಟು ಉದ್ದಕ್ಕೆ ಅದಿರಿನ ಹಡಗುಗಳು ಒಳಕ್ಕೆ ಬರುತ್ತವೆ. ಅದಕ್ಕಾಗಿ ನದೀಪಾತ್ರದ ಹೂಳನ್ನು ನಿಯಮಿತವಾಗಿ ತೆಗೆಯಲೇಬೇಕು. ಈ ಹೂಳು ಬರುವುದು ಮೇಲಿನ ಪ್ರದೇಶದ ಹೊಲಗಳಿಂದ ಮತ್ತು ಕುಸಿಯುವ ನದೀದಡಗಳಿಂದ. ಮೂಲತಃ ಅದು ಒಳ್ಳೆಯ ಮಣ್ಣು. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಳಲ್ಲಿ ಹೇರಿ ಗದ್ದೆ ತೋಟಗಳಿಗೆ ಹಾಕುತ್ತಿದ್ದರಲ್ಲ, ಅದೇ ಜಾತಿಯದು. ಆದರೆ ನಗರದೊಳಗೆ ಹಾದು ಬರುವಾಗ ಆ ಮಣ್ಣಿನ ಕಣಗಳಿಗೆ ಎಣ್ಣೆಯ ಅಂಶ, ಸೀಸ ಮುಂತಾದ ಭಾರಲೋಹಗಳು, ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕಗಳು ಅಂಟಿಕೊಂಡವು. ಜೇಡಿಕಣಕ್ಕೆ ಹಿಡಿದಿಟ್ಟುಕೊಳ್ಳುವ ಗುಣವಿದೆ. ಅದು ಪೋಷಕಾಂಶವನ್ನು ಹಿಡಿದಿಟ್ಟರೆ ಬೇಸಾಯಗಾರನಿಗೆ ಲಾಭ. ಸೀಸವನ್ನು ಹಿಡಿದಿಡುವುದೂ ಅದೇ ಗುಣದಿಂದ.

ಮೊದಲೆಲ್ಲ ಈ ಹೂಳನ್ನು ತೆಗೆದು ಸರೋವರದ ನಡುನೀರಿಗೆ ಸುರಿದು ಬರುತ್ತಿದ್ದರು. ನದಿಯ ಕೊಳಕನ್ನು ಕುಡಿಯುವ ನೀರಿಗೆ ಹಾಕುವ ಈ ಪದ್ಧತಿಗೆ ವಿರೋಧ ಬಂದುದರಿಂದ 1970ರಲ್ಲಿ ಹೊಸ ಕಾಯ್ದೆಯೊಂದು ಬಂತು. ಮಹಾಸರೋವರಗಳ ಬಂದರುಗಳ ಮಲಿನ ಹೂಳನ್ನು ಗೋಡೆ ಕಟ್ಟಿದ ಆವರಣದೊಳಗೆ ಶೇಖರಿಸಲು ಅದು ಅವಕಾಶ ಮಾಡಿಕೊಟ್ಟಿತು. ಅಂಥ ಆವರಣಗಳಲ್ಲಿ ಒಂದು ‘ಡೈಕ್ 14’. ಸರೋವರದ ಅಂಚಿನ ನೀರಿನಲ್ಲಿ ಬಂಡೆಕಲ್ಲುಗಳ ಒಡ್ಡು ಹಾಕಿ, ಒಳಗಿನ ಜಾಗಕ್ಕೆ 1979ರಿಂದ 1999ರವರೆಗೆ ಇಪ್ಪತ್ತು ವರ್ಷ ಹೂಳನ್ನು ತುಂಬಿದರು. ಕೆಸರು ತಳಕ್ಕೆ ಇಳಿಯಿತು, ನೀರು ಬಸಿದುಹೋಯಿತು, ನಿಧಾನವಾಗಿ ನೆಲ ಮೇಲೆದ್ದಿತು. ಹೀಗೆ ನೀರಿದ್ದ ಕಡೆ 88 ಎಕರೆ ಹೊಸ ನೆಲ ಹುಟ್ಟಿತು. ಯಾರೂ ಅದನ್ನು ನಿಸರ್ಗಧಾಮವಾಗಲೆಂದು ಕಟ್ಟಿದ್ದಲ್ಲ. ಸರ್ಕಾರಿ ಕಡತದಲ್ಲಿ ಅದು ಕಸ ತುಂಬಿದ ಕೋಣೆ, ಅಷ್ಟೇ.

ಯಾರೂ ನೆಡದ ಗಿಡಗಳು

ನಾನು ಹೋದ ದಿನ ಬಿಸಿಲಿತ್ತು, ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಪಕ್ಕದಲ್ಲೇ ಹಲವು ಪಥಗಳ ಹೆದ್ದಾರಿ. ಅದರ ಮೊರೆತ ಒಳಗೂ ಕೇಳಿಸುತ್ತದೆ. ಪಶ್ಚಿಮಕ್ಕೆ ತಿರುಗಿದರೆ ನಗರದ ಗಗನಚುಂಬಿ ಕಟ್ಟಡಗಳು. ಪ್ರವೇಶಕ್ಕೆ ಹಣವಿಲ್ಲ. ನಾಯಿಗಳನ್ನು ಒಳಗೆ ತರುವಂತಿಲ್ಲ, ಸೈಕಲ್ಲು ತುಳಿಯುವಂತಿಲ್ಲ. ಕಾಲುದಾರಿ ಬಿಟ್ಟು ಬೇರೆ ಸೌಕರ್ಯಗಳ ಆಡಂಬರವಿಲ್ಲ. ಕಾರಂಜಿ, ಕಾಂಕ್ರೀಟಿನ ಆನೆ, ಬಣ್ಣದ ದೀಪಗಳನ್ನಿಟ್ಟು ಕೆರೆ ‘ಅಭಿವೃದ್ಧಿ’ ಮಾಡುವುದನ್ನು ನೋಡಿ ಅಭ್ಯಾಸವಾಗಿರುವ ನಮಗೆ ಅದೇ ಒಂದು ವಿಶೇಷವಾಗಿ ಕಾಣುತ್ತದೆ.

ಅಲ್ಲಿನ ಸಸ್ಯಗಳಲ್ಲಿ ಬಹುಪಾಲನ್ನು ಯಾರೂ ನೆಟ್ಟಿಲ್ಲ. ಎತ್ತರಕ್ಕೆ ಬೆಳೆದ ಮರಗಳಲ್ಲಿ ಮುಖ್ಯವಾದದ್ದು ಕಾಟನ್‌ವುಡ್. ನಮ್ಮ ಬೂರುಗದಂತೆ ಅದರ ಬೀಜಕ್ಕೂ ಹತ್ತಿಯಂಥ ಎಳೆ ಅಂಟಿಕೊಂಡಿರುತ್ತದೆ. ಗಾಳಿಯಲ್ಲಿ ತೇಲಿಬಂದು ಹಸಿ ಕೆಸರಿನ ಮೇಲೆ ಬಿದ್ದರೆ ತಕ್ಷಣ ಮೊಳೆಯುತ್ತದೆ. ಅದರ ಜೊತೆಗೆ ವಿಲ್ಲೋ, ಸುಮಾಕ್ ಪೊದೆಗಳು. ತಗ್ಗಿನಲ್ಲಿ ಆಳೆತ್ತರದ ಫ್ರಾಗ್ಮೈಟಿಸ್ ಎಂಬ ಜೊಂಡು. ಬಯಲಿನಲ್ಲಿ ನಮ್ಮ ದವನ, ಮಾಚಿಪತ್ರೆಗಳ ಬಳಗಕ್ಕೆ ಸೇರಿದ ಮಗ್‌ವರ್ಟ್ ದಟ್ಟವಾಗಿ ಹಬ್ಬಿದೆ. ಮಗ್‌ವರ್ಟ್ ಯುರೋಪಿನಿಂದ ಬಂದ ಕಳೆ. ಫ್ರಾಗ್ಮೈಟಿಸ್‌ನ ಆಕ್ರಮಣಕಾರಿ ತಳಿಯೂ ಹೊರಗಿನದೇ. ನಮ್ಮಲ್ಲಿ ಲಂಟಾನ, ಯುಪಟೋರಿಯಂ ತೆರವಾದ ಜಾಗವನ್ನೆಲ್ಲ ಆವರಿಸುವಂತೆ ಅಲ್ಲಿ ಇವು. ಹಾಗಾಗಿ ‘ಪ್ರಕೃತಿ ತಾನಾಗಿಯೇ ಮರಳಿತು’ ಎನ್ನುವಾಗ ಮರಳಿದ್ದು ಯಾವ ಪ್ರಕೃತಿ ಎಂದು ಕೇಳಬೇಕಾಗುತ್ತದೆ.

ಆದರೂ ಬಂದದ್ದನ್ನು ಕಡೆಗಣಿಸುವಂತಿಲ್ಲ. 280ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಅಲ್ಲಿ ದಾಖಲಿಸಿದ್ದಾರೆ. ಅದಕ್ಕೆ ಕಾರಣ ಜಾಗದ ದೊಡ್ಡತನಕ್ಕಿಂತ ಅದು ಇರುವ ಸ್ಥಾನ. ವಸಂತದಲ್ಲಿ ಉತ್ತರದ ಕಾಡುಗಳಿಗೆ ಹೊರಟ ಸಣ್ಣ ಉಲಿಯಕ್ಕಿಗಳು ಈರಿ ಸರೋವರವನ್ನು ದಾಟುವ ಮುನ್ನ ದಡದಲ್ಲಿ ತಂಗಿ ಹುಳುಹುಪ್ಪಟೆ ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತವೆ. ಶರತ್ಕಾಲದಲ್ಲಿ ದಕ್ಷಿಣಕ್ಕೆ ಮರಳುವಾಗ ಸರೋವರ ದಾಟಿ ಬಳಲಿ ಬಂದು ಇಳಿಯುತ್ತವೆ. ದಡದುದ್ದಕ್ಕೂ ಬಂದರು, ರಸ್ತೆ, ಕಟ್ಟಡಗಳೇ ತುಂಬಿರುವಾಗ ಈ 88 ಎಕರೆ ಪೊದೆಗಾಡು ಅವುಗಳಿಗೆ ದಾರಿಬದಿಯ ಧರ್ಮಛತ್ರವಿದ್ದಂತೆ. ಹೂಳು ತುಂಬುತ್ತಿದ್ದ ವರ್ಷಗಳಲ್ಲಿ ಅಲ್ಲಿನ ಕೆಸರುಗದ್ದೆಗೆ ನೀರಂಚಿನ ಹಕ್ಕಿಗಳು ಬರುತ್ತಿದ್ದವು. ನೆಲ ಒಣಗಿ ಪೊದೆ ಬೆಳೆದಂತೆ ಅವು ಕಡಿಮೆಯಾಗಿ ಪೊದೆಯ ಹಕ್ಕಿಗಳು ಹೆಚ್ಚಿದವು. ನರಿ, ಕಯೋಟಿ, ಮಿಂಕ್, ಬಿಳಿಬಾಲದ ಜಿಂಕೆಗಳೂ ಇವೆ.

ನಾನು ಹೋದದ್ದು ಮೊನಾರ್ಕ್ ಚಿಟ್ಟೆಗಳು ಮೆಕ್ಸಿಕೋದ ಬೆಟ್ಟಗಳಿಗೆ ಹೊರಡುವ ಕಾಲ. ಗೋಲ್ಡನ್‌ರಾಡ್ ಎಂಬ ಹಳದಿ ಹೂವಿನ ಗಿಡಗಳ ಮೇಲೆ ಅವು ಕುಳಿತು ಮಕರಂದ ಹೀರುತ್ತಿದ್ದವು. ಇವುಗಳ ಮರಿಹುಳು ತಿನ್ನುವುದು ನಮ್ಮ ಎಕ್ಕದ ಬಳಗಕ್ಕೆ ಸೇರಿದ ಮಿಲ್ಕ್‌ವೀಡ್ ಗಿಡದ ಎಲೆಯನ್ನು ಮಾತ್ರ. ಅಮೆರಿಕದ ಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕದ ಬಳಕೆ ಹೆಚ್ಚಿದ ಮೇಲೆ ಆ ಗಿಡ ಹೊಲಗಳಿಂದ ಬಹುಮಟ್ಟಿಗೆ ಮಾಯವಾಗಿದೆ. ಹಳ್ಳಿಯ ಹೊಲದಲ್ಲಿ ನೆಲೆ ಕಳೆದುಕೊಂಡ ಚಿಟ್ಟೆಗೆ ಕೈಗಾರಿಕಾ ನಗರದ ಹೂಳಿನ ರಾಶಿ ಆಶ್ರಯ ಕೊಟ್ಟಿದೆ! ಕೃಷಿ ವಿಜ್ಞಾನದಲ್ಲಿ ಬದುಕು ಸವೆಸಿದ ನನ್ನಂಥವರು ಈ ಸಂಗತಿಯನ್ನು ಸುಲಭವಾಗಿ ಮರೆಯುವಂತಿಲ್ಲ.

ಕಾಲುದಾರಿಯ ಅಂಚು ಕುಸಿದ ಒಂದೆಡೆ ಮಣ್ಣಿನ ಪದರ ಕಾಣುತ್ತಿತ್ತು. ಮೇಲೆ ಎಲೆ ಕೊಳೆತು ಆದ ಬೆರಳಗಲದ ಕಪ್ಪು ಪದರ. ಅದರ ಕೆಳಗೆ ಬೂದುಬಣ್ಣದ ನುಣುಪು ಹೂಳು. ಸುಮಾರು ಕಾಲು ಶತಮಾನದಲ್ಲಿ ಆದ ಮಣ್ಣು ಅಷ್ಟು.

ಜನ ಬೇಡಿ ಪಡೆದ ಜಾಗ

1999ರಲ್ಲಿ ಹೂಳು ತುಂಬುವುದು ನಿಂತ ಮೇಲೆ ಈ ನೆಲವನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ನಗರದ ಸರೋವರದಂಡೆಯ 88 ಎಕರೆ ಎಂದರೆ ಅದರ ಬೆಲೆ ನಿಮಗೆ ಗೊತ್ತಾಗುತ್ತದೆ. ಹುಲ್ಲುಹಾಸಿನ ಉದ್ಯಾನವೇ, ಬೇರೇನಾದರೂ ನಿರ್ಮಾಣವೇ ಎಂಬ ಚರ್ಚೆಗಳ ನಡುವೆ ಪಕ್ಷಿವೀಕ್ಷಕರು, ಶಿಕ್ಷಣ ಸಂಸ್ಥೆಗಳು, ಪರಿಸರ ಸಂಘಟನೆಗಳು ಒಟ್ಟುಗೂಡಿ, ಇದು ಇರುವಂತೆಯೇ ಇರಲಿ, ಮಕ್ಕಳು ಬಂದು ಕಲಿಯಲಿ ಎಂದು ವರ್ಷಗಟ್ಟಲೆ ಒತ್ತಾಯಿಸಿದವು. ಮಣ್ಣಿನಲ್ಲಿ ಏನಿದೆ ಎಂಬ ಆತಂಕದಿಂದ ಗೇಟಿಗೆ ಬೀಗ ಬಿದ್ದಿತ್ತು. ಕೆಲವು ನಿಗದಿತ ದಿನಗಳಲ್ಲಿ ಮಾತ್ರ ಜನರನ್ನು ಬಿಡುತ್ತಿದ್ದರು. ಪರೀಕ್ಷೆಗಳಾಗಿ, 2012ರ ಫೆಬ್ರವರಿಯಲ್ಲಿ ನಿಸರ್ಗಧಾಮವೆಂಬ ಹೊಸ ಹೆಸರಿನೊಂದಿಗೆ ಅದು ಸಾರ್ವಜನಿಕರಿಗೆ ತೆರೆಯಿತು. ಅದನ್ನು ನೋಡಿಕೊಳ್ಳುವುದು ಬಂದರು ಪ್ರಾಧಿಕಾರವೇ. ಅಂದರೆ ಹಡಗುಗಳ ವ್ಯವಹಾರ ನಡೆಸುವ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಉಲಿಯಕ್ಕಿಗಳಿಗೂ ಒಂದು ಪುಟ ಸಿಕ್ಕಿದೆ.

ಇದರಲ್ಲಿ ಇನ್ನೊಂದು ಮುಖವನ್ನೂ ಹೇಳಬೇಕು. ನಿಸರ್ಗಧಾಮದ ಪಕ್ಕದಲ್ಲಿರುವುದು ಗಾರ್ಡನ್ ಪಾರ್ಕ್ ಎಂಬ ಹಳೆಯ ಉದ್ಯಾನ. 1893ರಲ್ಲಿ ನಗರಕ್ಕೆ ದಾನವಾಗಿ ಬಂದದ್ದು. ಮುಂದೆ ಹೆದ್ದಾರಿ ಬಂದು ಆ ಉದ್ಯಾನವನ್ನು ಎರಡಾಗಿ ಸೀಳಿತು. ಹೆದ್ದಾರಿಯ ಆಚೆಗಿರುವ ಗ್ಲೆನ್‌ವಿಲ್ ಬಡಾವಣೆಯಲ್ಲಿ ವಾಸಿಸುವವರು ಬಹುಪಾಲು ಕಪ್ಪು ಜನ. ಮನೆಯ ಹತ್ತಿರವೇ ಮಹಾಸರೋವರವಿದ್ದರೂ ಅವರಿಗೆ ದಡ ದೂರವಾಯಿತು. ಆ ದಡವನ್ನು ಜನರಿಗೆ ಮತ್ತೆ ಹತ್ತಿರ ಮಾಡಲು, ಬಂದರಿನ ಹೂಳನ್ನೇ ಬಳಸಿ ಹೊಸ ದಂಡೆಗಳನ್ನು ಕಟ್ಟುವ ಯೋಜನೆಯನ್ನು ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಸಂಸ್ಥೆಗಳು ರೂಪಿಸಿವೆ. ಹಕ್ಕಿಗೆ ಜಾಗ ಉಳಿಸುವ ಕೆಲಸದಲ್ಲಿ ಪಕ್ಕದ ಮನೆಯವನಿಗೆ ಜಾಗ ಉಳಿದಿದೆಯೇ ಎಂದು ನೋಡುವುದು ಅವರಿಗೂ ತಡವಾಗಿ ಹೊಳೆದ ವಿಷಯ. ನಮ್ಮ ಅಭಯಾರಣ್ಯಗಳ ಅಂಚಿನ ಹಳ್ಳಿಗಳಲ್ಲಿ ಈ ಮಾತಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ವಿಷ ಎಲ್ಲಿಗೆ ಹೋಯಿತು?

ಕಾಡು ಬೆಳೆದ ಮಾತ್ರಕ್ಕೆ ಕೆಳಗಿನ ಹೂಳು ಶುದ್ಧವಾಗುವುದಿಲ್ಲ. ಎಣ್ಣೆಯ ಅಂಶವನ್ನು ಸೂಕ್ಷ್ಮಜೀವಿಗಳು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಒಡೆಯಬಲ್ಲವು. ಸೀಸ ಮೂಲಧಾತು; ಅದನ್ನು ಯಾವ ಜೀವಿಯೂ ಒಡೆಯಲಾರದು. ಪಿಸಿಬಿಗಳು ಬಹಳ ನಿಧಾನವಾಗಿ ಕರಗುತ್ತವೆ. ಕಲ್ಲಿನ ಒಡ್ಡು ಗಟ್ಟಿಯಾಗಿರುವವರೆಗೆ, ನೆಲವನ್ನು ಅಗೆಯದಿರುವವರೆಗೆ ಅವು ಇದ್ದಲ್ಲೇ ಇರುತ್ತವೆ. ಆ ಜಾಗದಲ್ಲಿ ನಡೆದಾಡಬಹುದು, ಹಕ್ಕಿ ನೋಡಬಹುದು. ಅಲ್ಲಿ ಸೊಪ್ಪು ತರಕಾರಿ ಬೆಳೆಯಿರಿ ಎಂದು ಯಾವ ಮಣ್ಣು ವಿಜ್ಞಾನಿಯೂ ಹೇಳಲಾರ. ಪುನಶ್ಚೇತನ ಎಂಬ ಶಬ್ದ ಮುಚ್ಚಿಡುವುದು ಈ ವ್ಯತ್ಯಾಸವನ್ನೇ.

ಹೂಳಿನ ಸಮಸ್ಯೆ ಅಲ್ಲಿಗೇ ಮುಗಿಯಲೂ ಇಲ್ಲ. ಆವರಣಗಳು ತುಂಬುತ್ತ ಬಂದಾಗ, ಹೂಳೆತ್ತುವ ಹೊಣೆಹೊತ್ತ ಸೇನಾ ಎಂಜಿನಿಯರುಗಳ ಇಲಾಖೆ ಕಯಹೋಗಾದ ಹೂಳನ್ನು ಮತ್ತೆ ಸರೋವರಕ್ಕೇ ಸುರಿಯಬಹುದೆಂದು ವಾದಿಸಿತು. ಅದರಿಂದ ಮೀನುಗಳಲ್ಲಿ ಪಿಸಿಬಿ ಹೆಚ್ಚುತ್ತದೆಂದು ಓಹಾಯೊ ರಾಜ್ಯ ಸರ್ಕಾರ ಒಪ್ಪಲಿಲ್ಲ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 2017ರಲ್ಲಿ ರಾಜ್ಯದ ಪರವಾಗಿ ತೀರ್ಪು ಬಂತು. ಶುದ್ಧ ಜಲ ಕಾಯ್ದೆ ಬಂದು ನಲವತ್ತೈದು ವರ್ಷಗಳಾದ ಮೇಲೂ ಹೀಗೆ ಕಾವಲು ಕಾಯಬೇಕಾಯಿತು. ಅದರ ಫಲವೂ ಇದೆ. ಬೆಂಕಿ ಬಿದ್ದು ಐವತ್ತು ವರ್ಷಗಳಾದ 2019ರಲ್ಲಿ, ಕಯಹೋಗಾದ ಮೀನುಗಳನ್ನು ಮಿತವಾಗಿ ತಿನ್ನಬಹುದೆಂದು ಅಲ್ಲಿನ ಪರಿಸರ ಸಂಸ್ಥೆ ಪ್ರಕಟಿಸಿತು.

ಅದೇ ಈರಿ ಸರೋವರದ ಪಶ್ಚಿಮ ತುದಿಯಲ್ಲಿ ಬೇರೊಂದು ಕಥೆ ನಡೆಯುತ್ತಿದೆ. 2014ರ ಆಗಸ್ಟಿನಲ್ಲಿ ಟೊಲೀಡೊ ನಗರದ ಲಕ್ಷಾಂತರ ಜನ ಸುಮಾರು ಮೂರು ದಿನ ನಲ್ಲಿಯ ನೀರು ಕುಡಿಯಲಾಗದೆ ಪರದಾಡಿದರು. ಕಾರಣ ಸರೋವರದಲ್ಲಿ ಹಬ್ಬಿದ ವಿಷಪಾಚಿ. ಆ ಪಾಚಿಗೆ ಆಹಾರ ಮೌಮೀ ನದಿಯ ಮೂಲಕ ಬರುವ ರಂಜಕ. ಅದರ ಹೆಚ್ಚಿನ ಪಾಲು ಬರುವುದು ಹೊಲಗಳ ಗೊಬ್ಬರದಿಂದ. ಕಾರ್ಖಾನೆಯ ಕೊಳವೆಯನ್ನು ಬೆರಳಿಟ್ಟು ತೋರಿಸಿ ಮುಚ್ಚಿಸಬಹುದು. ಸಾವಿರಾರು ಹೊಲಗಳಿಂದ ಮಳೆನೀರಿನೊಡನೆ ಹರಿದುಬರುವುದನ್ನು ಮುಚ್ಚಿಸಲು ಕಾಯ್ದೆಗೆ ಇನ್ನೂ ಸಾಧ್ಯವಾಗಿಲ್ಲ. ಶುಂಠಿ ಬೆಳೆಗೆ ಸುರಿಯುವ ವಿಷ, ಕೊಳೆರೋಗಕ್ಕೆ ವರ್ಷಕ್ಕೆ ಎರಡು ಮೂರು ಬಾರಿ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ ನಮ್ಮ ಹಳ್ಳಗಳಿಗೂ ಇಳಿಯುತ್ತವೆ ಎಂಬುದನ್ನು ಇದೇ ಸಂದರ್ಭದಲ್ಲಿ ನೆನಪಿಸುತ್ತೇನೆ. ಗಣಿಯವರನ್ನು ಪ್ರಶ್ನಿಸುವ ನಮ್ಮ ಮಾತಿಗೆ ತೂಕ ಬರಬೇಕಾದರೆ ತೋಟದ ನೀರಿನ ಲೆಕ್ಕವನ್ನೂ ನಾವು ಇಟ್ಟಿರಬೇಕು.

ಅಲ್ಲಿಯ ಉದಾಹರಣೆ ಇಲ್ಲಿಗೆ ಹೊಂದುತ್ತದೆಯೇ?

ಈಗ ಅಹವಾಲು ಸಭೆಯ ಆ ಭರವಸೆಗೆ ಮರಳುತ್ತೇನೆ. ಕ್ಲೀವ್‌ಲ್ಯಾಂಡಿನ ಉದಾಹರಣೆಯನ್ನು ಮುಂದಿಟ್ಟು ಮಲೆನಾಡಿನ ಗುಡ್ಡವನ್ನು ಅಗೆದರೂ ಮತ್ತೆ ಕಾಡು ಬರುತ್ತದೆ ಎನ್ನಬಹುದೇ? ಎನ್ನಲಾಗದು. ಅದಕ್ಕೆ ಭಾವನೆಗಿಂತ ಮಿಗಿಲಾದ ಕಾರಣಗಳಿವೆ.

ಮೊದಲನೆಯದು ಆ ನೆಲದ ವಯಸ್ಸು. ಸುಮಾರು ಹದಿನಾಲ್ಕು ಸಾವಿರ ವರ್ಷಗಳ ಹಿಂದಿನವರೆಗೂ ಈರಿ ಸರೋವರದ ಪ್ರದೇಶವೆಲ್ಲ ದಪ್ಪನೆಯ ಹಿಮದ ಹಾಸಿನ ಅಡಿಯಲ್ಲಿತ್ತು. ಹಿಮ ಹಿಂದೆ ಸರಿದ ಮೇಲೆ ಬರಿನೆಲದ ಮೇಲೆ ಗಾಳಿಯಿಂದ, ನೀರಿನಿಂದ, ಹಕ್ಕಿಗಳಿಂದ ಬಂದ ಬೀಜಗಳೇ ಅಲ್ಲಿನ ಕಾಡನ್ನು ಕಟ್ಟಿದವು. ಹಿಮ ಆವರಿಸಿದ್ದ ಆ ಉತ್ತರದ ನೆಲದಲ್ಲಿ ಎರೆಹುಳುಗಳು ಕೂಡ ಉಳಿದಿರಲಿಲ್ಲ. ಇಂದು ಅಲ್ಲಿ ಕಾಣುವವು ಬಹುಪಾಲು ಯುರೋಪಿನಿಂದ ಬಂದವರ ಜೊತೆ ಬಂದವು. ಕಾಟನ್‌ವುಡ್, ವಿಲ್ಲೋಗಳಿಗೆ ಬರಿಗೆಸರಿನ ಮೇಲೆ ಹೊಸ ಸಂಸಾರ ಹೂಡುವುದು ರೂಢಿಯ ಕೆಲಸ. ಪಶ್ಚಿಮಘಟ್ಟದ ಇತಿಹಾಸ ಬೇರೆ. ಇಲ್ಲಿ ಹಿಮದ ಹಾಸು ಎಲ್ಲವನ್ನೂ ಒರೆಸಿಹಾಕಿದ ಘಟನೆಯೇ ಇಲ್ಲ. ಲಕ್ಷಾಂತರ ವರ್ಷಗಳಿಂದ ಒಂದನ್ನೊಂದು ಅವಲಂಬಿಸಿ ಬೆಳೆದ ಜೀವಿಗಳು ಇಲ್ಲಿವೆ.

ಎರಡನೆಯದು ಬೀಜದ ಸ್ವಭಾವ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳನ್ನು ನೀವು ನೋಡಿದ್ದೀರಿ. ರಾಮಪತ್ರೆಯ ಬೀಜ ದಪ್ಪ, ತೇವಭರಿತ. ಒಣಗಿದರೆ ಸಾಯುತ್ತದೆ, ಬಹುಕಾಲ ಕೂಡಿಡಲು ಬರುವುದಿಲ್ಲ. ಮಂಗಟ್ಟೆಯಂಥ ದೊಡ್ಡ ಹಕ್ಕಿ ನುಂಗಿ ಒಯ್ದು ಉಗುಳಿದಲ್ಲಿ, ನೆರಳೂ ತೇವವೂ ಇದ್ದರೆ ಮಾತ್ರ ಮೊಳೆಯುತ್ತದೆ. ಮಂಗಟ್ಟೆಗೆ ಗೂಡು ಮಾಡಲು ಪೊಟರೆಯಿರುವ ಹಳೆಯ ಹೆಮ್ಮರ ಬೇಕು. ಮರವಿಲ್ಲದಿದ್ದರೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದಿದ್ದರೆ ಮರವಿಲ್ಲ. ಬರಿಗುಡ್ಡದ ಮೇಲೆ ಇದು ಗಾಳಿಯಲ್ಲಿ ತೇಲಿ ಬರುವುದಿಲ್ಲ. ಅಲ್ಲಿ ಬರುವುದು ಯುಪಟೋರಿಯಂ, ಲಂಟಾನ, ನೆಟ್ಟರೆ ಅಕೇಶಿಯಾ. ಹಸಿರಿನ ಎಕರೆ ಲೆಕ್ಕದಲ್ಲಿ ಇದು ಕಾಡೆಂದೇ ದಾಖಲಾಗುತ್ತದೆ.

ಮೂರನೆಯದು, ಕ್ಲೀವ್‌ಲ್ಯಾಂಡಿನಲ್ಲಿ ಯಾವ ಕಾಡನ್ನೂ ಕಡಿದು ಡೈಕ್ 14 ಕಟ್ಟಲಿಲ್ಲ. ಆಗಲೇ ಹಾಳಾಗಿದ್ದ ದಂಡೆಯೊಂದಕ್ಕೆ ಅದು ಸೇರ್ಪಡೆ. ಬಂದ ಹಕ್ಕಿಗಳೂ ಅಲ್ಲಿ ಹುಟ್ಟಿದವಲ್ಲ. ಕೆನಡಾದ ಉತ್ತರದ ಕಾಡುಗಳು ಇನ್ನೂ ಇರುವುದರಿಂದ ಅವು ಬರುತ್ತಿವೆ. ತಾಯಿಕಾಡು ಇಲ್ಲದಿದ್ದರೆ ತಂಗುದಾಣಕ್ಕೆ ಬರುವ ಪ್ರಯಾಣಿಕರೇ ಇರುವುದಿಲ್ಲ. ನಮ್ಮಲ್ಲಿ ಪ್ರಸ್ತಾಪವಾಗುವ ಯೋಜನೆಗಳು ಅಗೆಯುವುದು ತಾಯಿಕಾಡನ್ನೇ.

ಇದಕ್ಕೆ ಕುದುರೆಮುಖಕ್ಕಿಂತ ಹತ್ತಿರದ ಸಾಕ್ಷಿ ಬೇಡ. 1980ರ ಸುಮಾರಿಗೆ ಅಲ್ಲಿ ಕಬ್ಬಿಣದ ಅದಿರಿನ ಉತ್ಪಾದನೆ ಆರಂಭವಾಯಿತು. ಪುಡಿಮಾಡಿದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹೋಯಿತು. ಉಳಿದ ಹೂಳು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿತು. ಭದ್ರಾ ನದಿಗೆ ಇಳಿದ ಕೆಂಪು ಹೂಳಿನ ಬಗ್ಗೆ ಕೆಳಗಿನ ರೈತರು ದೂರಿದರು. ಕೆ.ಎಂ. ಚಿಣ್ಣಪ್ಪನವರು ಮುಂದಾಗಿ ನಡೆಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ಕೊಟ್ಟ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ನಿಂತು ಇಪ್ಪತ್ತು ವರ್ಷಗಳಾದವು. ಲಕ್ಯಾದ ಹೂಳು ಅಲ್ಲೇ ಇದೆ; ಆ ಒಡ್ಡನ್ನು ಮುಂದಿನ ತಲೆಮಾರುಗಳೂ ಕಾಯಬೇಕು. ಕುದುರೆಮುಖದಲ್ಲಿ ಉಳಿದ ಶೋಲಾ ಹುಲ್ಲುಗಾವಲು ಉಳಿದದ್ದು ಗಣಿ ಅಲ್ಲಿಗೆ ತಲುಪದೆ ನಿಂತದ್ದರಿಂದ. ಪುನಶ್ಚೇತನದ ಅಧ್ಯಾಯದಿಂದ ಅಲ್ಲ.

ಕ್ಲೀವ್‌ಲ್ಯಾಂಡಿನ ಅನುಭವ ನಿಜವಾಗಿ ಹೊಂದುವುದು ಬೆಂಗಳೂರಿಗೆ. 2015ರಲ್ಲಿ, 2017ರಲ್ಲಿ, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದುದನ್ನು ಟಿವಿಯಲ್ಲಿ ನೋಡಿದ್ದೇವೆ. ಆಮೇಲೆ ಹೂಳೆತ್ತುವ ಕೆಲಸ ಆರಂಭವಾಯಿತು. ಕೆರೆಗೋಡು ಎಂದರೆ ಚಿನ್ನ ಎಂಬ ಹಳೆಯ ನಂಬಿಕೆಯಿಂದ ನಗರದ ಕೆರೆಗಳ ಹೂಳನ್ನು ಪರೀಕ್ಷೆಯಿಲ್ಲದೆ ಹೊಲಕ್ಕೆ ಹಾಕಿಸಿಕೊಳ್ಳಬೇಡಿ ಎಂದು ಬಯಲುಸೀಮೆಯ ರೈತಮಿತ್ರರಿಗೆ ನಾನು ಹೇಳುತ್ತ ಬಂದಿದ್ದೇನೆ. ಕಯಹೋಗಾದ ಹೂಳಿಗೆ ಆದದ್ದೇ ಇಲ್ಲಿಯೂ ಆಗಿರಬಹುದು. ಅಂಥ ಹೂಳಿಗೆ ಗೋಡೆ, ಪರೀಕ್ಷೆ, ಕಾವಲು ಬೇಕು. ಆಗಲೇ ಕೆಟ್ಟಿರುವ ನೆಲದಲ್ಲಿ, ಕಾರ್ಖಾನೆ ಮುಚ್ಚಿದ ಆವರಣಗಳಲ್ಲಿ, ನಗರದ ಕಸದ ಗುಡ್ಡಗಳಲ್ಲಿ ಡೈಕ್ 14ರಂಥ ಪ್ರಯತ್ನ ನಡೆಯಲಿ, ನಾವೆಲ್ಲ ಬೆಂಬಲಿಸೋಣ.

ನಾವು ಕೇಳಬೇಕಾದದ್ದು

ಮುಂದಿನ ಅಹವಾಲು ಸಭೆಯಲ್ಲಿ ಪುನಶ್ಚೇತನದ ಮಾತು ಬಂದಾಗ ದಯವಿಟ್ಟು ಈ ಪ್ರಶ್ನೆಗಳನ್ನು ಬರೆದು ಕೊಡಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವಂತೆ ಒತ್ತಾಯಿಸಿ. ಅಗೆದ ಮಣ್ಣು ಮತ್ತು ಹೂಳು ಎಲ್ಲಿ ಉಳಿಯುತ್ತದೆ, ಎಷ್ಟು ವರ್ಷ? ಆ ಒಡ್ಡನ್ನು ಕಂಪೆನಿ ಹೋದ ಮೇಲೆ ಕಾಯುವವರು ಯಾರು, ಅದರ ಹಣ ಯಾವ ಖಾತೆಯಲ್ಲಿದೆ? ಈಗ ಇರುವ ಮರಗಳಲ್ಲಿ ಯಾವುವು ಹಕ್ಕಿ ಪ್ರಾಣಿಗಳಿಂದ ಮಾತ್ರ ಬೀಜ ಪಸರಿಸುವಂಥವು, ಅವು ಮರಳುವ ದಾರಿ ಯಾವುದು? ಆ ದಾರಿ ಇಲ್ಲವೆಂದಾದರೆ, ‘ಮೊದಲಿದ್ದಂತೆ’ ಎಂಬ ಶಬ್ದವನ್ನು ವರದಿಯಿಂದ ತೆಗೆಯುತ್ತೀರಾ? ಮಣ್ಣಿನ ಪರೀಕ್ಷೆಯ ವಿಷಯದಲ್ಲಿ ಯಾವ ಹಳ್ಳಿಯವರಿಗೆ ನೆರವು ಬೇಕಾದರೂ ನಾನು ಬರುತ್ತೇನೆ. ಮಾದರಿ ತೆಗೆಯುವ ಕ್ರಮವನ್ನು ಶಾಲಾಮಕ್ಕಳಿಗೂ ಕಲಿಸಬಹುದು.

ಕ್ಲೀವ್‌ಲ್ಯಾಂಡಿನ ಜನ ತಮ್ಮ ಅಜ್ಜಂದಿರು ಕೆಡಿಸಿದ್ದನ್ನು ಎರಡು ತಲೆಮಾರು ದುಡಿದು ಸ್ವಲ್ಪಮಟ್ಟಿಗೆ ಸರಿಪಡಿಸಿದ್ದಾರೆ. ಅವರ ಶ್ರಮಕ್ಕೆ ನನ್ನ ಗೌರವವಿದೆ. ಆ ಶ್ರಮದ ಫಲವಾಗಿ ಅವರಿಗೆ ದಕ್ಕಿದ್ದು 88 ಎಕರೆ ಪೊದೆಗಾಡು, ಅದರಡಿಯಲ್ಲಿ ಅಗೆಯಬಾರದ ಹೂಳು. ಕೆಡಿಸದೆ ಇರುವ ನೆಲ ನಮ್ಮಲ್ಲಿ ಇನ್ನೂ ಉಳಿದಿದೆ. ಅದನ್ನು ಕಾಯುವುದಕ್ಕೆ ತಗಲುವ ಖರ್ಚು ಸರಿಪಡಿಸುವ ಖರ್ಚಿಗಿಂತ ಬಹಳ ಕಡಿಮೆ.